ನೆಲಮಾಳಿಗೆಯ ಒಂದು ಕಚೇರಿ
(ಸಂಘದ ವಾರ್ಷಿಕೋತ್ಸವದ ಸಂಗೀತಗೋಷ್ಠಿಯಲ್ಲಿ ಮಾಡಿದ ಭಾಷಣ)



ಸಂಘದ ವಾರ್ಷಿಕೋತ್ಸವದ ಈ ಶುಭಸಂದರ್ಭದಲ್ಲಿ ಸಂಗೀತವನ್ನು ಕುರಿತು ನಾಲ್ಕು ಮಾತನಾಡಬೇಕೆಂದು ಕಾರ್ಯಕಾರಿ ಸಮಿತಿಯವರು ನಮಗೆ ಅಪ್ಪಣೆ ಮಾಡಿದರು. ಹಿಂದಿನ ವರ್ಷಗಳಲ್ಲಿ ಇದೇ ವೇದಿಕೆಯಿಂದ ದಾಸರ ಪದಗಳನ್ನು ಕುರಿತೂ ಪಾರ್ತಿಸುಬ್ಬನ ಪ್ರಸಂಗಗಳನ್ನು ಕುರಿತೂ ಬಲ್ಲವರು ಮಾತನಾಡಿದ್ದಾರೆ. ಈ ಸಲ ನಾವು ಆರಿಸಿಕೊಂಡ ವಿಷಯವನ್ನು ಕೇಳಿ ಕೆಲವರು ಹುಬ್ಬೇರಿಸಿದುದು ನಮಗೆ ತಿಳಿದಿದೆ. ಅಮೆರಿಕದ ನ್ಯೂಯಾರ್ಕ್ ನಗರದ ಒಂದು ನೆಲಮಾಳಿಗೆಯ ಕ್ಲಬ್ಬಿನಲ್ಲಿ, 1961ನೆಯ ಇಸವಿಯ ನವೆಂಬರ್ ತಿಂಗಳ ಮೊದಲ ವಾರದಲ್ಲಿ, ಜಾನ್ ಕೋಲ್ಟ್ರೇನ್ ಎಂಬ ಜಾಝ್ ಸಂಗೀತಗಾರನು ಜನರ ಎದುರಿನಲ್ಲಿ ಊದಿದ ಸ್ಯಾಕ್ಸೊಫೋನಿನ ಧ್ವನಿಮುದ್ರಿಕೆಯೇ ನಮ್ಮ ವಿಷಯ. ಕಾಸರಗೋಡಿನ ಕನ್ನಡಿಗರಿಗೂ ಆ ನೆಲಮಾಳಿಗೆಗೂ ಏನು ನಂಟು ಎಂದು ತಾವು ಕೇಳಬಹುದು. ಉತ್ತರವನ್ನು ಈ ಭಾಷಣದ ಕೊನೆಗೆ ತಾವೇ ಹೇಳುವಿರೆಂದು ನಂಬಿದ್ದೇವೆ.

ಮೊದಲಿಗೆ ಒಂದು ಅರಿಕೆ. ಇಲ್ಲಿ 'ನಾವು' ಎಂದರೆ ಗೌರವಕ್ಕಾಗಿ ಹಾಕಿದ ಬಹುವಚನವಲ್ಲ. ಸಂಘದ ವಾಚನಾಲಯದಲ್ಲಿ ಶನಿವಾರ ಸಂಜೆ ಸೇರಿ ಸಂಗೀತ ಕೇಳುವ ಹನ್ನೆರಡು ಮಂದಿ ನಾವಿದ್ದೇವೆ. ನಮ್ಮಲ್ಲಿ ನಿವೃತ್ತ ಮಾಸ್ತರರಿದ್ದಾರೆ, ಅಡಿಕೆ ತೋಟದವರಿದ್ದಾರೆ, ಬ್ಯಾಂಕಿನಲ್ಲಿ ಕೆಲಸ ಮಾಡುವ ಇಬ್ಬರು ಹೆಂಗಸರಿದ್ದಾರೆ. ಮದುವೆಗಳಲ್ಲಿಯೂ ನೇಮಗಳಲ್ಲಿಯೂ ಸ್ಯಾಕ್ಸೊಫೋನ್ ಊದುವ ಒಬ್ಬ ಯುವಕನೂ ಇದ್ದಾನೆ. ಈ ಹನ್ನೆರಡು ಮಂದಿಯೂ ಕೇಳಿ, ಜಗಳವಾಡಿ, ಮತ್ತೆ ಕೇಳಿ ಕಂಡುಕೊಂಡುದನ್ನು ಒಬ್ಬರ ಬಾಯಿಂದ ತಮ್ಮ ಮುಂದೆ ಇಡುತ್ತಿದ್ದೇವೆ.

ಸ್ಯಾಕ್ಸೊಫೋನ್ ನಮಗೆ ಹೊಸತಲ್ಲ. ದಿಬ್ಬಣ ಬರುತ್ತಿದೆಯೆಂದು ಅಂಗಳದಲ್ಲಿದ್ದವರಿಗೆ ಮೊದಲು ತಿಳಿಯುವುದು ಅದರ ದನಿಯಿಂದ. ದೈವದ ಗಗ್ಗರದ ಸದ್ದಿಗೆ ಜೊತೆಯಾಗಿ ರಾತ್ರಿಯಿಡೀ ಅದು ಊದುವುದನ್ನು ಕೇಳುತ್ತಲೇ ನಮ್ಮ ಮಕ್ಕಳು ನಿದ್ದೆಹೋಗುತ್ತಾರೆ. ಹಿಂದೆ ನಾಗಸ್ವರಕ್ಕೆ ಮೀಸಲಾಗಿದ್ದ ಎಡೆಯಲ್ಲಿ ಇಂದು ಈ ಹಿತ್ತಾಳೆಯ ವಾದ್ಯವು ತುಳುನಾಡಿನ ಉದ್ದಕ್ಕೂ ನೆಲೆಯೂರಿದೆ. ಇದನ್ನು ನಿರ್ಮಿಸಿದವನು ಬೆಲ್ಜಿಯಂ ದೇಶದಲ್ಲಿ 1814ರಲ್ಲಿ ಹುಟ್ಟಿದ ಅಡಾಲ್ಫ್ ಸ್ಯಾಕ್ಸ್ ಎಂಬ ವಾದ್ಯಶಿಲ್ಪಿ. ಅವನು 1846ರಲ್ಲಿ ಪ್ಯಾರಿಸಿನಲ್ಲಿ ಇದಕ್ಕೆ ಹಕ್ಕುಪತ್ರ ಪಡೆದನು. ಮೈ ಹಿತ್ತಾಳೆಯದಾದರೂ ದನಿ ಹುಟ್ಟುವುದು ಬಾಯಿಯ ಬಳಿ ಕಟ್ಟಿದ ಒಂದು ತೆಳ್ಳನೆಯ ಸಸ್ಯದ ಸೀಳಿನಿಂದ. ನಾಗಸ್ವರದಲ್ಲಿ ಎರಡು ಪದರದ ಸೀವಾಳಿಯಾದರೆ ಇಲ್ಲಿ ಒಂದೇ ಪದರ. ದಂಡಿನ ಬ್ಯಾಂಡುಗಳಿಗೆಂದು ಬೆಳೆದ ಈ ವಾದ್ಯವು ಅಮೆರಿಕದಲ್ಲಿ ಗುಲಾಮಗಿರಿಯ ನೊಗದಿಂದ ಹೊರಬಂದ ಕಪ್ಪು ಜನರ ಕೈಗೆ ಸಿಕ್ಕಿ, ಜಾಝ್ ಎಂಬ ಸಂಗೀತದ ಪ್ರಧಾನ ಕಂಠವಾಯಿತು. ಎಲ್ಲಿಗೋ ಎಂದು ಹುಟ್ಟಿದುದು ಎಲ್ಲಿಯೋ ಮನೆಮಾಡುವುದು ಈ ವಾದ್ಯದ ಜಾತಕದಲ್ಲಿಯೇ ಇದ್ದಂತೆ ತೋರುತ್ತದೆ.

ನಾವು ಕೇಳಿದ ಮುದ್ರಿಕೆಯ ಹೆಸರು 'ಲೈವ್ ಅಟ್ ದಿ ವಿಲೇಜ್ ವ್ಯಾನ್‌ಗಾರ್ಡ್'. ಅದು 1962ರಲ್ಲಿ ಇಂಪಲ್ಸ್ ಎಂಬ ಕಂಪನಿಯಿಂದ ಹೊರಬಂದಿತು. ಮೊದಲ ಶನಿವಾರ ಅದನ್ನು ಹಾಕಿದಾಗ ಆದುದನ್ನು ಮುಚ್ಚಿಡುವುದಿಲ್ಲ. ಒಂದನೆಯ ಮುಖವನ್ನು ಎಲ್ಲರೂ ಸಮಾಧಾನದಿಂದ ಕೇಳಿದೆವು. ಎರಡನೆಯ ಮುಖವು ಆರಂಭವಾಗಿ ಐದು ನಿಮಿಷವಾಗುವಷ್ಟರಲ್ಲಿ ನಾಲ್ವರು ಎದ್ದು ಜಗಲಿಗೆ ಹೋದರು. ಮಾಸ್ತರರು, "ಇದು ಸಂಗೀತವಲ್ಲ, ಗದ್ದಲ" ಎಂದರು. ಮೂಲೆಯಲ್ಲಿ ಕುಳಿತಿದ್ದ ಆ ಯುವಕನು ಮಾತ್ರ ಏನೂ ಆಡಲಿಲ್ಲ. ಎಲ್ಲರೂ ಹೋದ ಮೇಲೆ, "ಅಣ್ಣಾ, ಎರಡನೇ ಮುಖವನ್ನು ಇನ್ನೊಮ್ಮೆ ಹಾಕುವಿರಾ?" ಎಂದು ಕೇಳಿದನು. ನಮ್ಮ ನಿಜವಾದ ಶ್ರವಣವು ಆರಂಭವಾದುದು ಆ ಪ್ರಶ್ನೆಯಿಂದ.

ಆ ಮುದ್ರಿಕೆಯೊಳಗೆ ಹೋಗುವ ಮುನ್ನ ಅದು ಹುಟ್ಟಿದ ಸ್ಥಳವನ್ನು ನೋಡಿಬರೋಣ. ವಿಲೇಜ್ ವ್ಯಾನ್‌ಗಾರ್ಡ್ ಎಂಬುದು ನ್ಯೂಯಾರ್ಕಿನ ಸೆವೆಂತ್ ಅವೆನ್ಯೂ ಬೀದಿಯಲ್ಲಿರುವ ಒಂದು ನೆಲಮಾಳಿಗೆ. ಬೀದಿಯ ಬಾಗಿಲಿನಿಂದ ಕಡಿದಾದ ಮೆಟ್ಟಿಲುಗಳನ್ನು ಇಳಿದು ಹೋಗಬೇಕು. ಕೋಣೆಯು ಮುಂದಕ್ಕೆ ಹೋದಂತೆ ಕಿರಿದಾಗುತ್ತ ತ್ರಿಕೋಣದಂತಿದೆ; ಆ ಕಿರಿದಾದ ತುದಿಯಲ್ಲಿ ವೇದಿಕೆ. ಕುಳಿತುಕೊಳ್ಳಲು ನೂರಿಪ್ಪತ್ತು ಮಂದಿಗೆ ಸ್ಥಳ. ನಮ್ಮ ಈ ಸಭಾಗೃಹಕ್ಕಿಂತಲೂ ಚಿಕ್ಕದು. ಮ್ಯಾಕ್ಸ್ ಗಾರ್ಡನ್ ಎಂಬವನು 1935ರಲ್ಲಿ ಅದನ್ನು ಅಲ್ಲಿ ತೆರೆದನು. ಮೊದಮೊದಲು ಕವಿಗಳು ಬಂದು ಕವನ ಓದುತ್ತಿದ್ದರು, ಹಾಸ್ಯಗಾರರೂ ಜಾನಪದ ಗಾಯಕರೂ ಬರುತ್ತಿದ್ದರು. 1957ರಿಂದೀಚೆಗೆ ಅದು ಜಾಝಿಗೇ ಮುಡಿಪಾಯಿತು. ಗಾರ್ಡನ್ 1989ರಲ್ಲಿ ತೀರಿಕೊಂಡ ಬಳಿಕ ಅವನ ಮಡದಿ ಲೊರೇನ್ ಗಾರ್ಡನ್ 2018ರಲ್ಲಿ ತಾನು ಕಣ್ಮುಚ್ಚುವವರೆಗೂ ಅದನ್ನು ನಡೆಸಿದಳು. ಮಹಾಮಾರಿಯ ಕಾಲದಲ್ಲಿ 2020ರಲ್ಲಿ ಮುಚ್ಚಿದ ಬಾಗಿಲು 2021ರಲ್ಲಿ ಮತ್ತೆ ತೆರೆಯಿತು. ಚಿಕ್ಕ ಸಭೆಗಳು ಬಾಳಲಾರವೆಂದು ನಿಟ್ಟುಸಿರಿಡುವವರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಸ್ಟುಡಿಯೋದಲ್ಲಿ ಮುದ್ರಿಸುವಾಗ ತಪ್ಪಿದುದನ್ನು ಮತ್ತೆ ನುಡಿಸಬಹುದು, ಬೇಡವಾದುದನ್ನು ಕತ್ತರಿಸಬಹುದು. ಕ್ಲಬ್ಬಿನಲ್ಲಿ ಹಾಗಲ್ಲ. ಎದುರಿಗೆ ಮೇಜುಗಳು, ಪಾನೀಯದ ಗಾಜುಗಳು, ಹಣ ಕೊಟ್ಟು ಬಂದ ಜನ. ಅಲ್ಲಿ ಹೊರಟ ಸ್ವರವನ್ನು ಹಿಂದಕ್ಕೆ ಕರೆಯುವಂತಿಲ್ಲ. ಆ ಇಕ್ಕಟ್ಟಿನಲ್ಲಿ ಧ್ವನಿಯನ್ನು ಹಿಡಿದವನು ರೂಡಿ ವ್ಯಾನ್ ಗೆಲ್ಡರ್. ವೃತ್ತಿಯಿಂದ ಕಣ್ಣು ಪರೀಕ್ಷಿಸಿ ಕನ್ನಡಕ ಕೊಡುವವನಾಗಿದ್ದು, ಧ್ವನಿಮುದ್ರಣದ ಮೋಹಕ್ಕೆ ಸಿಕ್ಕಿ, ಕೊನೆಗೆ ಆ ವೃತ್ತಿಯನ್ನೇ ಬಿಟ್ಟವನು ಅವನು. ಇದೇ ನೆಲಮಾಳಿಗೆಯಲ್ಲಿ 1957ರ ನವೆಂಬರ್ 3ರಂದು ಸಾನಿ ರಾಲಿನ್ಸ್ ಎಂಬ ಇನ್ನೊಬ್ಬ ಮಹಾವಾದಕನ ಸ್ಯಾಕ್ಸೊಫೋನನ್ನು ಮುದ್ರಿಸಿ ಅವನಿಗೆ ಕೈ ಪಳಗಿದ್ದಿತು. ಕೋಲ್ಟ್ರೇನನ ಕಚೇರಿಯ ಮುದ್ರಣವು ಆರಂಭವಾದುದು 1961ರ ನವೆಂಬರ್ 1ರಂದು. ಆ ತಾರೀಖನ್ನು ನಾವು ಯಾರೂ ಮರೆಯುವವರಲ್ಲ. ನಮ್ಮ ಊರು ಕೇರಳಕ್ಕೆ ಸೇರಿದ ದಿನಕ್ಕೆ ಅಂದಿಗೆ ಸರಿಯಾಗಿ ಐದು ವರ್ಷ. ಇದು ಕಾಕತಾಳೀಯವೇ ಹೊರತು ಬೇರೆಯಲ್ಲ. ಆದರೂ ಆ ತಾರೀಖನ್ನು ಓದಿದಾಗ ನಮಗೆ ಒಂದು ಕ್ಷಣ ಮಾತು ನಿಂತಿತು.

ಇನ್ನು ಜಾಝ್ ಎಂದರೇನು? ತಾಳಮದ್ದಳೆಯನ್ನು ಹುಟ್ಟಿನಿಂದ ಕೇಳಿದ ತಮಗೆ ಅದನ್ನು ವಿವರಿಸುವುದು ಕಷ್ಟವಲ್ಲ. ಭಾಗವತರು ಪ್ರಸಂಗದ ಪದ್ಯವನ್ನು ಹಾಡುತ್ತಾರೆ. ಪದ್ಯವು ಅಚ್ಚಾದ ಪುಸ್ತಕದಲ್ಲಿದೆ, ಅದರಲ್ಲಿ ಬದಲಾವಣೆಯಿಲ್ಲ. ಆದರೆ ಅರ್ಥಧಾರಿಯು ಆಡುವ ಮಾತು ಯಾವ ಪುಸ್ತಕದಲ್ಲಿಯೂ ಇಲ್ಲ. ಅದು ಆ ಕ್ಷಣದಲ್ಲಿ, ಎದುರಾಳಿಯ ಮಾತಿಗೆ ಮಾತಾಗಿ, ಸಭೆಯ ಮುಖವನ್ನು ನೋಡಿ ಹುಟ್ಟಬೇಕು. ನಮ್ಮವರೇ ಆದ ಶೇಣಿ ಗೋಪಾಲಕೃಷ್ಣ ಭಟ್ಟರು ಒಂದೇ ಪದ್ಯಕ್ಕೆ ಇಂದು ಹೇಳಿದ ಅರ್ಥವನ್ನು ನಾಳೆ ಹೇಳುತ್ತಿರಲಿಲ್ಲವೆಂಬುದನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ಜಾಝಿನಲ್ಲಿಯೂ ಹೀಗೆಯೇ. ಒಂದು ಧಾಟಿ ಮೊದಲೇ ಗೊತ್ತಾಗಿರುತ್ತದೆ. ಅದರ ಮಾತ್ರೆಗಳ ಲೆಕ್ಕವೂ ಸ್ವರಸಮೂಹಗಳ ಕ್ರಮವೂ ಗೊತ್ತಾಗಿರುತ್ತವೆ. ಅದನ್ನು ಒಮ್ಮೆ ನುಡಿಸಿ ತೋರಿಸಿದ ಮೇಲೆ ಒಬ್ಬೊಬ್ಬ ವಾದಕನೂ ಆ ಚೌಕಟ್ಟು ಮರಳಿ ಮರಳಿ ಬರುತ್ತಿರುವಂತೆ ತನ್ನ ಅರ್ಥವನ್ನು ಹೇಳತೊಡಗುತ್ತಾನೆ. ನಮ್ಮ ಕಚೇರಿಯ ಮನೋಧರ್ಮ ಸಂಗೀತವೂ ಇದಕ್ಕೆ ದೂರವಲ್ಲ.

ಕೋಲ್ಟ್ರೇನನು 1926ರ ಸೆಪ್ಟೆಂಬರ್ 23ರಂದು ಅಮೆರಿಕದ ದಕ್ಷಿಣ ಭಾಗದ ನಾರ್ತ್ ಕ್ಯಾರೊಲೈನಾ ಸಂಸ್ಥಾನದಲ್ಲಿ ಹುಟ್ಟಿದನು. ಅವನ ತಾತಂದಿರು ಇಬ್ಬರೂ ಧರ್ಮೋಪದೇಶಕರು. ಕಪ್ಪು ಮಕ್ಕಳಿಗೆ ಬೇರೆಯೇ ಶಾಲೆಗಳಿದ್ದ ಕಾಲ ಅದು. ಹನ್ನೆರಡನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡ ಹುಡುಗನು ವಾದ್ಯವನ್ನು ಹಿಡಿದನು. ಮತ್ತೆ ಅದನ್ನು ಕೆಳಗಿಡಲಿಲ್ಲ. ಯೌವನದಲ್ಲಿ ಮಾದಕ ವಸ್ತುವಿಗೂ ಮದ್ಯಕ್ಕೂ ದಾಸನಾಗಿ, ಮೈಲ್ಸ್ ಡೇವಿಸ್ ಎಂಬ ಹೆಸರಾಂತ ತುತ್ತೂರಿ ವಾದಕನ ಮೇಳದಿಂದ 1957ರಲ್ಲಿ ಹೊರಬೀಳಬೇಕಾಯಿತು. ಅದೇ ವರ್ಷ ಆ ದಾಸ್ಯವನ್ನು ಕಿತ್ತೊಗೆದು ಎದ್ದು ನಿಂತನು. ಆ ಬಳಿಕ ಅವನಿಗೆ ದೊರೆತುದು ಹತ್ತೇ ವರ್ಷ. 1967ರ ಜುಲೈ 17ರಂದು, ನಲ್ವತ್ತನೆಯ ವಯಸ್ಸಿನಲ್ಲಿ, ಯಕೃತ್ತಿನ ಅರ್ಬುದದಿಂದ ತೀರಿಕೊಂಡನು. ನಾವು ಕೇಳುತ್ತಿರುವ ವಾದನವು ಆ ಹತ್ತು ವರ್ಷಗಳ ನಡುಮಧ್ಯದ್ದು.

ಆ ರಾತ್ರಿಗಳಲ್ಲಿ ಅವನ ಜೊತೆಗಿದ್ದವರು ಸಾಮಾನ್ಯರಲ್ಲ. ಪಿಯಾನೊಗೆ ಮೆಕಾಯ್ ಟೈನರ್, ಡ್ರಮ್ಮಿಗೆ ಎಲ್ವಿನ್ ಜೋನ್ಸ್, ನಿಲ್ಲಿಸಿ ಮೀಟುವ ದೊಡ್ಡ ತಂತಿವಾದ್ಯವಾದ ಬಾಸಿಗೆ ಕೆಲವು ಸಲ ರೆಗ್ಗಿ ವರ್ಕ್‌ಮನ್, ಕೆಲವು ಸಲ ಜಿಮ್ಮಿ ಗ್ಯಾರಿಸನ್. ಇವರೊಡನೆ ಎರಿಕ್ ಡಾಲ್ಫಿ; ಬಾಸ್ ಕ್ಲಾರಿನೆಟ್ ಎಂಬ ಮಂದ್ರಸ್ಥಾಯಿಯ ವಾದ್ಯದಲ್ಲಿ ಮನುಷ್ಯನ ನಗೆಯನ್ನೂ ನರಳಿಕೆಯನ್ನೂ ಹೊರಡಿಸಬಲ್ಲವನು.

ಮುದ್ರಿಕೆಯ ಮೊದಲ ಮುಖದಲ್ಲಿ ಎರಡು ಕೃತಿಗಳಿವೆ. ಮೊದಲನೆಯದು 'ಸ್ಪಿರಿಚುಯಲ್'. ಗುಲಾಮಗಿರಿಯ ಕಾಲದಲ್ಲಿ ಕಪ್ಪು ಜನರು ಹಾಡಿಕೊಂಡ ಭಕ್ತಿಗೀತಗಳಿಗೆ ಆ ಹೆಸರು. ಕೋಲ್ಟ್ರೇನನು ತಾಳದ ಕಟ್ಟಿಗೆ ಸಿಲುಕದೆ, ಆಲಾಪನೆಯಂತೆ, ಟೆನರ್ ಸ್ಯಾಕ್ಸೊಫೋನಿನ ತುಂಬುಕಂಠದಿಂದ ಅದನ್ನು ಎತ್ತುತ್ತಾನೆ. ಆಮೇಲೆ ನಡೆ ಕೂಡಿಕೊಳ್ಳುತ್ತದೆ. ಡಾಲ್ಫಿಯ ಮಂದ್ರದ ಮಾತು ಬರುತ್ತದೆ, ಟೈನರನ ಪಿಯಾನೊ ಬರುತ್ತದೆ. ಕೊನೆಯಲ್ಲಿ ಕೋಲ್ಟ್ರೇನನು ಮರಳಿ ಬರುವಾಗ ಅವನ ಕೈಯಲ್ಲಿರುವುದು ಸೊಪ್ರಾನೊ ಸ್ಯಾಕ್ಸೊಫೋನ್; ನೇರವಾಗಿ, ನಾಗಸ್ವರದ ಚಿಕ್ಕ ತಮ್ಮನಂತೆ ಇರುವ ವಾದ್ಯ. ಅದರ ದನಿ ಕೇಳಿದಾಗ ನಮ್ಮಲ್ಲಿ ಒಬ್ಬ ಅಕ್ಕ, "ಇದು ದೇವಸ್ಥಾನದ ಅಂಗಳದಿಂದ ಬಂದಹಾಗಿದೆ" ಎಂದರು. ಎರಡನೆಯದು 1928ರ ಒಂದು ಗೀತನಾಟಕದಲ್ಲಿ ಸಿಗ್ಮಂಡ್ ರೊಂಬರ್ಗ್ ರಚಿಸಿದ ಹಾಡಿನ ಧಾಟಿ. ಇಲ್ಲಿ ಟೈನರನ ಪಿಯಾನೊ ಮೊದಲು ಮಾತನಾಡುತ್ತದೆ. ಬೆಳಕು ಮೂಡಿದಂತೆ ಹಗುರವಾಗಿ ಹೊರಟು, ಕೋಲ್ಟ್ರೇನನು ಸೊಪ್ರಾನೊ ಎತ್ತಿಕೊಂಡಾಗ ಬಿಸಿಲೇರುತ್ತದೆ.

ಎರಡನೆಯ ಮುಖದಲ್ಲಿ ಇರುವುದು ಒಂದೇ ಕೃತಿ, 'ಚೇಸಿನ್ ದ ಟ್ರೇನ್'. ಕೋಲ್ಟ್ರೇನನನ್ನು ಗೆಳೆಯರು 'ಟ್ರೇನ್' ಎಂದು ಕರೆಯುತ್ತಿದ್ದರು. ಊದುತ್ತ ಊದುತ್ತ ವೇದಿಕೆಯ ಮೇಲೆ ಅತ್ತಿತ್ತ ಸರಿಯುವ ಅವನನ್ನು ಮೈಕಿನಿಂದ ಹಿಡಿಯುವುದಕ್ಕೆ ವ್ಯಾನ್ ಗೆಲ್ಡರನು ಪಟ್ಟ ಪಾಡಿನಿಂದ ಆ ಹೆಸರು ಬಂದಿತೆಂದು ಹೇಳುತ್ತಾರೆ. ಅದು ಹನ್ನೆರಡು ಅಂಕಣಗಳ ಬ್ಲೂಸ್ ಎಂಬ ಚೌಕಟ್ಟು. ಬ್ಲೂಸ್ ಎಂದರೆ ಕಪ್ಪು ಜನರ ದುಃಖದ ಹಾಡು, ಜಾಝಿನ ತಾಯಿಬೇರು. ಪೀಠಿಕೆಯಿಲ್ಲ, ಕಟ್ಟಿಟ್ಟ ಪಲ್ಲವಿಯಿಲ್ಲ; ಕೋಲ್ಟ್ರೇನನು ನೇರವಾಗಿ ಒಳಕ್ಕೆ ಧುಮುಕುತ್ತಾನೆ. ಪಿಯಾನೊ ಸುಮ್ಮನಾಗುತ್ತದೆ. ಉಳಿಯುವುದು ಸ್ಯಾಕ್ಸೊಫೋನ್, ಗ್ಯಾರಿಸನನ ಬಾಸ್, ಜೋನ್ಸನ ಡ್ರಮ್. ಒಂದು ಆವರ್ತವು ಮುಗಿಯಲು ಹನ್ನೆರಡು ಸೆಕೆಂಡು. ಅಂತಹ ಸುಮಾರು ಎಂಬತ್ತು ಆವರ್ತಗಳು. ಹದಿನಾರು ನಿಮಿಷಗಳ ಹತ್ತಿರ ಹತ್ತಿರ ಒಬ್ಬನೇ ಮನುಷ್ಯನು ಬಿಡುವಿಲ್ಲದೆ ಊದುತ್ತಾನೆ. ಸ್ವರವು ಸೀಳುತ್ತದೆ, ಕಿರುಚುತ್ತದೆ, ಪಾತಾಳಕ್ಕೆ ಇಳಿದು ಗೊಗ್ಗರಾಗುತ್ತದೆ. ನಮ್ಮ ನಾಲ್ವರು ಜಗಲಿಗೆ ಹೋದುದು ಇಲ್ಲಿಯೇ.

ಎರಡನೆಯ ಶನಿವಾರ ಆ ಯುವಕನು ತನ್ನ ವಾದ್ಯವನ್ನು ತಂದನು. ಸಂಕೋಚದ ಹುಡುಗ, ಮಾತು ಕಡಿಮೆ. ಮುದ್ರಿಕೆಯನ್ನು ನಿಲ್ಲಿಸಿ ನಿಲ್ಲಿಸಿ ತೋರಿಸಿದನು. ಇಲ್ಲಿ ಸ್ವರ ಒಡೆದದ್ದು ತಪ್ಪಿ ಅಲ್ಲ. ತುಟಿಯ ಒತ್ತನ್ನು ಬದಲಿಸಿದರೆ ಒಂದೇ ಉಸಿರಿನಲ್ಲಿ ಎರಡು ದನಿ ಹೀಗೆ ಕೇಳುತ್ತದೆ, ಎಂದು ಊದಿ ತೋರಿಸಿದನು. ಇಲ್ಲಿ ಅವನು ಒಂದು ಚಿಕ್ಕ ಮಾತನ್ನು ಹೇಳುತ್ತಾನೆ. ಅದೇ ಮಾತನ್ನು ಕೆಳಗಿನಿಂದ ಕೇಳುತ್ತಾನೆ. ತಿರುಗಿಸಿ ಮೇಲಿನಿಂದ ಉತ್ತರ ಕೊಡುತ್ತಾನೆ. ಒಬ್ಬನೇ ಇಬ್ಬರಾಗಿದ್ದಾನೆ, ಎಂದನು. ಎಲ್ವಿನ್ ಜೋನ್ಸನು ಹಿಂದೆ ಕುಳಿತು ತಾಳ ಹಾಕುತ್ತಿಲ್ಲ, ಚೆಂಡೆಯವನು ವೇಷಧಾರಿಯ ಹೆಜ್ಜೆಯನ್ನು ಕೆಣಕುವಂತೆ ಪ್ರತಿಯೊಂದು ಮಾತಿಗೂ ಎದುರುತ್ತರ ಕೊಡುತ್ತಿದ್ದಾನೆ ಎಂಬುದು ಆಗ ನಮಗೆ ಕೇಳಿಸಿತು. ನಾವು ಮೊದಲ ಸಲ ಕೇಳಿದಾಗ ಸಿದ್ಧವಾದ ಒಂದು ಹಾಡನ್ನು ಹುಡುಕುತ್ತಿದ್ದೆವು. ಅಲ್ಲಿ ನಡೆಯುತ್ತಿದ್ದುದು ಹಾಡಿನ ಹುಡುಕಾಟ. ದಾರಿ ತಿಳಿದವನ ನಡಿಗೆ ಬೇರೆ, ಕಾಡಿನಲ್ಲಿ ದಾರಿ ಮಾಡಿಕೊಳ್ಳುವವನ ನಡಿಗೆ ಬೇರೆ. ಎರಡನೆಯವನ ಕತ್ತಿಯ ಸದ್ದನ್ನು ನಾವು ಗದ್ದಲವೆಂದು ತಿಳಿದಿದ್ದೆವು.

ಹೀಗೆ ತಪ್ಪು ತಿಳಿದವರು ನಾವು ಮಾತ್ರವಲ್ಲ. ಕೋಲ್ಟ್ರೇನನು ಹಿಂದಿನ ವರ್ಷ ಮುದ್ರಿಸಿದ 'ಮೈ ಫೇವರಿಟ್ ಥಿಂಗ್ಸ್' ಎಂಬ ಇಂಪಾದ ಕೃತಿಯು ಆ 1961ರಲ್ಲಿ ಬಹಳ ಜನಪ್ರಿಯವಾಗಿದ್ದಿತು. ಅಂತಹುದನ್ನೇ ಇನ್ನೂ ಹತ್ತು ನುಡಿಸಿದ್ದರೆ ಅವನಿಗೆ ಹಣಕ್ಕೂ ಹೊಗಳಿಕೆಗೂ ಕೊರತೆಯಿರುತ್ತಿರಲಿಲ್ಲ. ಅವನು ಹಾಗೆ ಮಾಡಲಿಲ್ಲ. ಅದೇ ನವೆಂಬರಿನಲ್ಲಿ 'ಡೌನ್ ಬೀಟ್' ಎಂಬ ಪ್ರಸಿದ್ಧ ಜಾಝ್ ಪತ್ರಿಕೆಯಲ್ಲಿ ಜಾನ್ ಟೈನನ್ ಎಂಬ ವಿಮರ್ಶಕನು, ಕೋಲ್ಟ್ರೇನನೂ ಡಾಲ್ಫಿಯೂ ನುಡಿಸುತ್ತಿರುವುದು ಜಾಝಿಗೆ ವಿರುದ್ಧವಾದುದೆಂದು ಬರೆದನು. ಮುದ್ರಿಕೆ ಹೊರಬಂದಾಗ ಅದೇ ಪತ್ರಿಕೆಯು 1962ರ ಏಪ್ರಿಲ್‌ನಲ್ಲಿ ಒಂದಕ್ಕೆ ಎರಡು ವಿಮರ್ಶೆಗಳನ್ನು ಅಚ್ಚುಮಾಡಬೇಕಾಯಿತು. ಒಬ್ಬನು ಮೆಚ್ಚಿದರೆ ಇನ್ನೊಬ್ಬನಿಗೆ ಸಮಾಧಾನವಾಗಲಿಲ್ಲ. ಅದೇ ತಿಂಗಳು ಇಬ್ಬರು ಕಲಾವಿದರಿಗೂ ಉತ್ತರಿಸುವ ಅವಕಾಶವನ್ನು ಪತ್ರಿಕೆಯು ಕೊಟ್ಟಿತು. ಅವರು ಕೋಪದ ಮಾತಾಡಲಿಲ್ಲ. ಡಾಲ್ಫಿಯು ತಾನು ಹಕ್ಕಿಗಳ ಜೊತೆಗೆ ನುಡಿಸುತ್ತಿದ್ದುದನ್ನು ನೆನೆದನು. ಹಕ್ಕಿಗಳ ದನಿಯಲ್ಲಿ ನಮ್ಮ ಸ್ವರಗಳ ನಡುವಿನ ಸ್ವರಗಳಿವೆ, ಭಾರತೀಯ ಸಂಗೀತದಲ್ಲಿಯೂ ಅಂತಹ ಗುಣವಿದೆ, ಎಂದು ಅವನು ಹೇಳಿದುದರ ಭಾವ. ಶ್ರುತಿಭೇದವನ್ನು ಬಲ್ಲ ನಾಡಿನವರು ಇದನ್ನು ಓದಿ ತಲೆದೂಗದಿರಲಾದೀತೇ? ಆ ಡಾಲ್ಫಿಯು 1964ರಲ್ಲಿ, ಮೂವತ್ತಾರನೆಯ ವಯಸ್ಸಿನಲ್ಲಿ, ಬರ್ಲಿನ್ನಿನಲ್ಲಿ ತೀರಿಕೊಂಡನು.

ಭಾರತದ ಮಾತು ಬಂದಿತು. ಅದೇ ನೆಲಮಾಳಿಗೆಯಲ್ಲಿ ನವೆಂಬರ್ 3ರಂದು ನುಡಿಸಿದ ಒಂದು ಕೃತಿಗೆ ಕೋಲ್ಟ್ರೇನನು ಇಟ್ಟ ಹೆಸರೇ 'ಇಂಡಿಯಾ'. ಅದು 1963ರಲ್ಲಿ 'ಇಂಪ್ರೆಶನ್ಸ್' ಎಂಬ ಬೇರೊಂದು ಮುದ್ರಿಕೆಯಲ್ಲಿ ಹೊರಬಂದಿತು. ಅದರಲ್ಲಿ ಇಬ್ಬರು ಬಾಸ್ ವಾದಕರು ಒಟ್ಟಿಗೆ ಕೂಡಿ, ತಂಬೂರಿಯ ಶ್ರುತಿಯಂತೆ ಒಂದೇ ನೆಲೆಯನ್ನು ಹಿಡಿದಿರುತ್ತಾರೆ. ಮೇಲೆ ಸೊಪ್ರಾನೊ ಸಂಚರಿಸುತ್ತದೆ. ಪಂಡಿತ ರವಿಶಂಕರರ ವಾದನವನ್ನು ಅವನು ಶ್ರದ್ಧೆಯಿಂದ ಕೇಳುತ್ತಿದ್ದನು; ಬಳಿಕ ಅವರ ಪರಿಚಯವನ್ನೂ ಪಡೆದನು; 1965ರಲ್ಲಿ ಹುಟ್ಟಿದ ಮಗನಿಗೆ ಅವರ ಗೌರವಾರ್ಥವಾಗಿ ರವಿ ಎಂದು ಹೆಸರಿಟ್ಟನು. ರವಿ ಕೋಲ್ಟ್ರೇನನೂ ಮುಂದೆ ಸ್ಯಾಕ್ಸೊಫೋನ್ ವಾದಕನೇ ಆದನು. ಆ ನವೆಂಬರಿನ ನಾಲ್ಕು ರಾತ್ರಿಗಳಲ್ಲಿ ಮುದ್ರಿಸಿದುದೆಲ್ಲವೂ 1997ರಲ್ಲಿ ನಾಲ್ಕು ತಟ್ಟೆಗಳ ಒಂದು ಸಂಪುಟವಾಗಿ ಬಂದಿತು. ಮೂರನೆಯ ಶನಿವಾರ ನಾವು ಅದರಿಂದ 'ಇಂಡಿಯಾ'ದ ಬೇರೆ ಬೇರೆ ರಾತ್ರಿಗಳ ರೂಪಗಳನ್ನು ಕೇಳಿದೆವು. ಒಂದೇ ಪದ್ಯ, ಬೇರೆ ಬೇರೆ ಅರ್ಥ.

ಅತ್ತಲಿಂದ ಒಬ್ಬನು ಇತ್ತ ನೋಡುತ್ತಿದ್ದ ಕಾಲಕ್ಕೇ ಇತ್ತಲಿಂದ ಒಂದು ಹೆಜ್ಜೆ ಹೊರಡಲು ಸಿದ್ಧವಾಗುತ್ತಿದ್ದಿತು. ಇಲ್ಲಿಗೆ ದೂರವಲ್ಲದ ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ 1949ರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ನಾಗಸ್ವರ ವಾದಕರ ಮಗ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕೇಳಿ ಮೋಹಗೊಂಡು, ಗಮಕಕ್ಕೆ ಒಗ್ಗದ ಆ ವಾದ್ಯವನ್ನು ತಿದ್ದಿಕೊಂಡು, ವರ್ಷಾನುಗಟ್ಟಲೆ ಸಾಧನೆ ಮಾಡಿ, ಕರ್ನಾಟಕ ಸಂಗೀತವನ್ನು ಅದರಲ್ಲಿ ಹಾಡಿಸಿದರು. 1994ರಲ್ಲಿ ಲಂಡನ್ನಿನ ಬಿ.ಬಿ.ಸಿ. ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದರು. 2004ರಲ್ಲಿ ಪದ್ಮಶ್ರೀ ಪಡೆದರು. 2019ರಲ್ಲಿ ನಮ್ಮನ್ನು ಅಗಲಿದರು. ಕರ್ನಾಟಕದಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಮನೆತನದ ಜಾಝ್ ವಾದಕ ರುದ್ರೇಶ್ ಮಹಾಂತಪ್ಪನವರು ಗೋಪಾಲನಾಥರೊಡನೆ ಕೂಡಿ 2008ರಲ್ಲಿ ಹೊರತಂದ ಮುದ್ರಿಕೆಯ ಹೆಸರು 'ಕಿನ್ಸ್‌ಮೆನ್', ಎಂದರೆ 'ಬಂಧುಗಳು'. ಗೋಪಾಲನಾಥರು ಈ ವಾದ್ಯವನ್ನು ಹಿಡಿದ ಕಾಲದಲ್ಲಿ, ಬ್ಯಾಂಡಿನ ವಾದ್ಯದಲ್ಲಿ ರಾಗವೇ ಎಂದು ಮೂಗು ಮುರಿದವರು ಎಷ್ಟು ಮಂದಿಯೋ! ಇಂದು ಅದೇ ವಾದ್ಯವಿಲ್ಲದೆ ನಮ್ಮ ಮದುವೆ ಕಳೆಗಟ್ಟುವುದಿಲ್ಲ.

ಮಹನೀಯರೇ, ಇಲ್ಲಿಗೆ ಮುಗಿಸಬಹುದಾಗಿದ್ದಿತು. ಆದರೆ ಹೇಳಲೇಬೇಕಾದ ಒಂದು ಮಾತು ಉಳಿದಿದೆ.

"ಅದು ಜಾಝ್ ಅಲ್ಲ" ಎಂಬ ಮಾತಿಗೆ ನಾವು ಕಿವಿಯನ್ನು ಹಿಂದೆಯೇ ಕೊಟ್ಟವರು. ಗಡಿಯ ಆಚೆಗೆ ಹೋಗಿ ನಾವು ಬಾಯಿ ತೆರೆದಾಗ, "ನಿಮ್ಮದು ಕನ್ನಡವೇ? ತುಳುವಿನ ಧಾಟಿ, ಮಲಯಾಳದ ವಾಸನೆ" ಎಂದು ನಕ್ಕವರನ್ನು ನಮ್ಮಲ್ಲಿ ಕಾಣದವರು ಯಾರು? ಆ ನೋವು ನಮಗೆ ಗೊತ್ತು. ಗೊತ್ತಿದ್ದೂ ನಾವು ಅದನ್ನೇ ಇನ್ನೊಬ್ಬರಿಗೆ ಕೊಡುತ್ತೇವೆ. ಮೂರನೆಯ ಶನಿವಾರ ಆ ಯುವಕನು ಒಂದು ಸಂಗತಿಯನ್ನು ಹೇಳಿದನು. ಕಳೆದ ವರ್ಷ ಒಂದು ನೇಮದಲ್ಲಿ ಅವನು ವಾಡಿಕೆಯ ಧಾಟಿಯನ್ನು ಬಿಟ್ಟು ಸ್ವಲ್ಪ ದೂರ ಹೋಗಿ ಬಂದನಂತೆ. ಆಗ ಯಾರೋ ಬಂದು, "ನಿನ್ನನ್ನು ಕರೆದದ್ದು ಊದುವುದಕ್ಕೆ, ಪ್ರಯೋಗ ಮಾಡುವುದಕ್ಕಲ್ಲ" ಎಂದು ಎಲ್ಲರೆದುರಿಗೆ ಗದರಿದರಂತೆ. ಅಂದಿನಿಂದ ಅವನು ಹೇಳಿದುದನ್ನು ಮಾತ್ರ ಊದುತ್ತಾನೆ. ತನ್ನದನ್ನು ಊದಲು ರಾತ್ರಿ ತೋಟದ ಪಂಪಿನ ಕೊಟ್ಟಿಗೆಗೆ ಹೋಗುತ್ತಾನೆ.

ಆ 'ಯಾರೋ' ಎಂಬವರು ನಮ್ಮ ಹನ್ನೆರಡು ಮಂದಿಯಲ್ಲಿಯೇ ಇದ್ದರು. ಹುಡುಗನು ಹೆಸರು ಹೇಳಲಿಲ್ಲ. ಅವರೇ ತಲೆ ತಗ್ಗಿಸಿದರು. ಉಳಿದ ನಾವೂ ಅಂದು ಆ ನೇಮದಲ್ಲಿದ್ದೆವು, ಯಾರೂ ಬೇಡವೆನ್ನಲಿಲ್ಲ. ಆದುದರಿಂದ ಆ ಗದರಿಕೆ ನಮ್ಮೆಲ್ಲರದ್ದು. ದೈವದ ಕಟ್ಟಳೆಯನ್ನು ಮುರಿಯಬೇಕೆಂದು ನಾವು ಹೇಳುತ್ತಿಲ್ಲ. ಕಟ್ಟಳೆಯ ಜಾಗದಲ್ಲಿ ಕಟ್ಟಳೆ ಇರಲಿ. ಆದರೆ ಹುಡುಕುವವನಿಗೆ ಒಂದು ಜಾಗವನ್ನು ನಾವು ಕೊಡಬೇಡವೇ? ಕೋಲ್ಟ್ರೇನನಿಗೆ ಒಂದು ನೆಲಮಾಳಿಗೆಯಿದ್ದಿತು; ಅಲ್ಲಿ ಎದ್ದು ಹೋಗದೆ ಕುಳಿತ ಕೆಲವರು ಇದ್ದರು. ಮುದ್ರಿಕೆಯಲ್ಲಿ ಅವರ ಚಪ್ಪಾಳೆಯೂ ಇದೆ. ಅವರ ಹೆಸರು ಎಲ್ಲಿಯೂ ಅಚ್ಚಾಗಿಲ್ಲ. ಆದರೂ ಆ ಸಂಗೀತದಲ್ಲಿ ಅವರದ್ದೂ ಒಂದು ಪಾಲಿದೆ. ಕ್ಲಬ್ಬಿನಲ್ಲಿ ಮುದ್ರಿಸಿದ ವಾದನದ ಹೆಚ್ಚುಗಾರಿಕೆ ಇದೇ: ಊದಿದವನ ಉಸಿರಿನ ಜೊತೆಗೆ ಕೇಳಿದವರ ತಾಳ್ಮೆಯೂ ಅದರಲ್ಲಿ ಮುದ್ರಿತವಾಗಿರುತ್ತದೆ. ಆಡುವವರು ಎಷ್ಟೇ ಇರಲಿ, ತಾಳ್ಮೆಯಿಂದ ಕೇಳುವವರು ಇಲ್ಲವಾದರೆ ಭಾಷೆಯೂ ಹೀಗೆಯೇ ಪಂಪಿನ ಕೊಟ್ಟಿಗೆಯನ್ನು ಸೇರುತ್ತದೆ.

ನಮ್ಮ ಮಾಸ್ತರರು ಮೂರನೆಯ ಶನಿವಾರ ಎರಡನೆಯ ಮುಖವನ್ನು ಕೊನೆಯವರೆಗೂ ಕೇಳಿದರು. ಅಭಿಪ್ರಾಯ ಕೇಳಿದಾಗ, "ನನಗೆ ಇಷ್ಟವಾಯಿತೆಂದು ಸುಳ್ಳು ಹೇಳಲಾರೆ. ಆದರೆ ಗದ್ದಲವೆಂದದ್ದನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ" ಎಂದರು. ಇದಕ್ಕಿಂತ ಹೆಚ್ಚಿನದನ್ನು ನಾವು ತಮ್ಮಿಂದಲೂ ಬೇಡುವುದಿಲ್ಲ.

ಈ ಭಾಷಣವು ಮುಗಿದ ಕೂಡಲೆ ಆ ಯುವಕನ ಸ್ಯಾಕ್ಸೊಫೋನ್ ವಾದನವಿದೆ. ಏನು ನುಡಿಸಬೇಕೆಂದು ನಾವು ಹೇಳಿಲ್ಲ. ಎಷ್ಟು ಹೊತ್ತು ಎಂದೂ ಹೇಳಿಲ್ಲ. ಜಗಲಿಯ ಕಡೆಗೆ ಹೋಗಬೇಕೆನಿಸಿದವರು ಇನ್ನೈದು ನಿಮಿಷ ಕುಳಿತಿರಬೇಕೆಂದು ಮಾತ್ರ ವಿನಂತಿ.